ಅತ್ತೆ ಕೇಳಿದ ದಾರಿ

ಕಳೆದ ವರ್ಷ ದ್ರಾಕ್ಷಿ ಕೊಯ್ಲಿನ ಕಾಲದಲ್ಲಿ, ತಂಗಿಯ ಮಗಳು ಸ್ಮಿತಾ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಫ್ರಾನ್ಸಿನ ಹಳ್ಳಿಗಾಡು ಸುತ್ತಿಸಿದಳು. ಅವಳು ಹೆದ್ದಾರಿ ಹತ್ತುವುದೇ ಇಲ್ಲ. ಎಷ್ಟು ಹೊತ್ತಿಗೆ ಎಲ್ಲಿ ಸೇರುತ್ತೇವೆ ಎಂದು ಕೇಳುವುದನ್ನು ನಾನೂ ಎರಡನೆಯ ದಿನಕ್ಕೆ ಬಿಟ್ಟಿದ್ದೆ. ಒಂದು ತಿರುವಿನಲ್ಲಿ, ವೈನ್ ತಯಾರಿಸುವ ಕಟ್ಟಡದ ಹಿಂದೆ ರಾಶಿ ಹಾಕಿದ್ದ ದ್ರಾಕ್ಷಿ ಸಿಪ್ಪೆಯ ಹುಳಿ ವಾಸನೆ ಒಳಗೆ ನುಗ್ಗಿತು. ನಮ್ಮೂರು ಬಾಳೂರಿನಲ್ಲಿ ಕಾಫಿ ಹಣ್ಣು ಸುಲಿಯುವ ಪಲ್ಪರ್ ಮನೆಯ ಹಿಂದೆ ಸಿಪ್ಪೆ ಕೊಳೆಯುವಾಗ ಬರುತ್ತಿದ್ದುದು ಇದೇ ವಾಸನೆ. "ದೊಡ್ಡಮ್ಮ, ಗ್ಲಾಸ್ ಏರಿಸ್ಲಾ?" ಎಂದಳು ಸ್ಮಿತಾ. ಬೇಡ ಎಂದೆ. ಅಷ್ಟು ಹೊತ್ತು ಸುಖವಾಗಿ ಕೂತಿದ್ದ ನನಗೆ, ಅತ್ತೆಯ ಸೀಟಿನಲ್ಲಿ ಕೂತಿದ್ದೇನೆ ಅನ್ನಿಸಿತು.

ಅತ್ತೆ ಅಪ್ಪನ ಅಕ್ಕ. ಅಮ್ಮ ತೀರಿಕೊಂಡ ಮೇಲೆ ನನ್ನನ್ನೂ ತಂಗಿಯನ್ನೂ ಬೆಳೆಸಿದವರು. ಅಪ್ಪನ ಮನೆ ಗಡಿಯಾರದ ಮನೆ. ಸ್ನಾನ, ಪಾಠ, ಊಟ ಎಲ್ಲಕ್ಕೂ ಹೊತ್ತಿತ್ತು. ಕೊಯ್ಲಿನ ದಿನಗಳಲ್ಲಿ ಇನ್ನೊಂದು ಕಟ್ಟಳೆ: ಕಣದಲ್ಲಿ ಕಾಫಿ ಒಣಗುತ್ತಿರುವಾಗ ಮನೆಯವರೊಬ್ಬರು ಮನೆಯಲ್ಲಿ ಇರಲೇಬೇಕು. ಆ ಒಬ್ಬರು ಯಾವಾಗಲೂ ಅತ್ತೆ. ನಾವು ಜೀಪಿನಲ್ಲಿ ಹೊರಟಾಗ ಅವರು ಕಣದ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದರು. ಅದರಲ್ಲಿ ತಪ್ಪೇನಿದೆ ಎಂದು ಯಾರಿಗೂ ಹೊಳೆದಿರಲಿಲ್ಲ.

ಒಂದು ವರ್ಷ ಅವರೇ ಬಾಯಿಬಿಟ್ಟು ಕೇಳಿದರು. "ತಮ್ಮಾ, ಈ ಸಲ ಕಳಸಕ್ಕೆ ನಾನೂ ಬರ್ತೀನಿ. ಬಸ್ಸಿನ ರೋಡ್ ಬೇಡ. ಎಸ್ಟೇಟ್ ಒಳಗಿಂದ ಹಿಂದಿನ ರಸ್ತೆ ಇದೆಯಲ್ಲ, ಅದ್ರಲ್ಲಿ ನಿಧಾನಕ್ಕೆ ಹೋಗಣ." ಅಪ್ಪ ಒಪ್ಪಿದರು. ಕಣಕ್ಕೆ ಮೇಸ್ತ್ರಿಯನ್ನು ನಿಲ್ಲಿಸಿದರು. ಬಣಕಲ್ಲಿನಿಂದ ಡ್ರೈವರ್ ಹಸನಬ್ಬ ಬಾಡಿಗೆ ಜೀಪು ತಂದರು. ಅತ್ತೆ ಹಸಿರು ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕೂತರು. ಗೇಟು ದಾಟುವಾಗ ಗುಡ್ಡದ ನೆತ್ತಿಯಲ್ಲಿ ಮೋಡ ಕಂಡಿತು.

"ಅದು ಸುರಿಯೂ ಮೋಡ ಅಲ್ಲ ಅಮ್ಮ," ಎಂದರು ಹಸನಬ್ಬ. "ನಮ್ಮನೆಯವ್ಳ ಸಿಟ್ಟಿನ ಹಾಗೆ. ಕಪ್ಪಾಗ್ತದೆ, ಹೋಗ್ತದೆ."

ಅತ್ತೆ ನಕ್ಕರು. ಆದರೆ ಕಣ್ಣು ಕಣದ ಕಡೆಗಿತ್ತು. ಸಿಪ್ಪೆ ತೆಗೆದು ತೊಳೆದ ಬೀಜ, ನಾವು ಪಾರ್ಚ್‌ಮೆಂಟ್ ಅನ್ನುವುದು, ಅಲ್ಲಿ ಉದ್ದಕ್ಕೂ ಹರಡಿತ್ತು. ನೆನೆದರೆ ಆ ವರ್ಷದ ಒಳ್ಳೆಯ ಫಸಲೆಲ್ಲ ಹಾಳು. "ಇವತ್ತು ಆಳುಗಳಿಗೆ ರಜೆ. ಮೇಸ್ತ್ರಿ ಒಬ್ರೇ ಎಷ್ಟು ಅಂತ ಎತ್ತಾರೆ? ನೀವು ಹೋಗ್ಬನ್ನಿ," ಎಂದು ಇಳಿದೇಬಿಟ್ಟರು. ಅಪ್ಪ ಗಡಿಯಾರ ನೋಡಿದರು. ಕೂತ್ಕೊಳ್ಳಿ ಎಂದು ಯಾರೂ ಹೇಳಲಿಲ್ಲ. ಮುಂದಿನ ಸೀಟು ಖಾಲಿಯಾಯಿತಲ್ಲ ಎಂದು ನಾನು ಹಾರಿ ಕೂತೆ.

"ಅಮ್ಮ ಹೇಳಿದ ದಾರೀಲೇ ಹೋಗೂದು," ಎಂದು ಹಸನಬ್ಬ ಹಿಂದಿನ ರಸ್ತೆಗೇ ತಿರುಗಿಸಿದರು. ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ ಕೈಗೆ ಸಿಗುವಂತಿತ್ತು. ರಸ್ತೆಗೆ ಅಡ್ಡ ಹರಿಯುವ ಹಳ್ಳದಲ್ಲಿ ಜೀಪು ನಿಲ್ಲಿಸಿ ಕಾಲು ಇಳಿಬಿಟ್ಟೆವು. ತೋಟದವರೊಬ್ಬರು ಕಿತ್ತಳೆ ಕೊಟ್ಟರು, ಬಿಸಿಲಿಗೆ ಸಿಪ್ಪೆ ಬೆಚ್ಚಗಾಗಿತ್ತು. ಅತ್ತೆ ಬಾಳೆಲೆಯಲ್ಲಿ ಕಟ್ಟಿದ್ದ ಅಕ್ಕಿ ರೊಟ್ಟಿಯನ್ನು ಮೋರಿಯ ಕಟ್ಟೆಯ ಮೇಲೆ ಕೂತು ತಿಂದೆವು, ಅವರ ಪಾಲಿನದನ್ನೂ ಸೇರಿಸಿ. ನಮ್ಮ ಮನೆಯ ಇತಿಹಾಸದಲ್ಲಿ ಯಾರೂ ಯಾರನ್ನೂ ಅವಸರಪಡಿಸದ ದಿನ ಅದೊಂದೇ. ಮಳೆ ಬರಲಿಲ್ಲ.

ಮುಂದಿನ ಕೊಯ್ಲಿಗೆ ಅತ್ತೆ ಇರಲಿಲ್ಲ. ಈಗ ಆ ಮನೆಯೂ ಇಲ್ಲ, ಕಣದ ಜಾಗದಲ್ಲಿ ಹೋಂಸ್ಟೇಯವರ ಕಾರುಗಳು ನಿಲ್ಲುತ್ತವೆ. ಆ ದಿನ ನಾನು ಸಂತೋಷವಾಗಿದ್ದೆ ಎಂಬುದನ್ನು ಮಾತ್ರ ಇಷ್ಟು ವರ್ಷವಾದರೂ ಸರಿಯಾದ ಜಾಗದಲ್ಲಿ ಎತ್ತಿಡಲು ಬಂದಿಲ್ಲ.

ಆ ದಿನ ಸಂಜೆ ನಾವು ಕಳಸದಿಂದ ವಾಪಸ್ ಬಂದಾಗ ಅತ್ತೆ ಪಾರ್ಚ್‌ಮೆಂಟ್ ಗುಡ್ಡೆ ಮಾಡಿ ಟಾರ್ಪಾಲು ಹೊದಿಸುತ್ತಿದ್ದರು. ಹಸಿರು ಸೀರೆಯನ್ನು ಬದಲಾಯಿಸಿರಲಿಲ್ಲ. "ಹೇಗಿತ್ತು?" ಎಂದರು.

"ಏನೂ ಚೆನ್ನಾಗಿರ್ಲಿಲ್ಲ ಅತ್ತೆ, ಬರೀ ಧೂಳು," ಎಂದಳು ತಂಗಿ. ಹಾಗೆ ಹೇಳೋಣವೆಂದು ನಾವಿಬ್ಬರೂ ದಾರಿಯಲ್ಲೇ ಮಾತಾಡಿಕೊಂಡಿದ್ದೆವು.

"ಸುಳ್ಳು ಹೇಳ್ಬೇಡ ಮಾರಾಯ್ತಿ. ನಾನಂತೂ ನೋಡ್ಲಿಲ್ಲ. ನೀವಾದ್ರೂ ಸರಿಯಾಗಿ ಹೇಳಿ."

ಕಣದ ಕಟ್ಟೆಯ ಮೇಲೆ ಅವರ ಪಕ್ಕ ಕೂತು ನಾನು ಹೇಳತೊಡಗಿದೆ. ಹೇಳುತ್ತಾ ಹೇಳುತ್ತಾ ಖುಷಿ ಮತ್ತೆ ಉಕ್ಕಿತು, ಮುಚ್ಚಿಡಲು ಬರಲಿಲ್ಲ. ಅತ್ತೆ ನಡುನಡುವೆ "ಆಮೇಲೆ?" ಎನ್ನುತ್ತಿದ್ದರು. ಕೊನೆಗೆ, ಇಳಿಜಾರು ಮುಗಿಯಿತು, ಭದ್ರೆ ಕಂಡಳು, ಕಳಸ ಬಂತು ಎಂದೆ.

"ಆಮೇಲೆ?" ಎಂದರು.

ಹೇಳಲು ಇನ್ನೇನೂ ಉಳಿದಿರಲಿಲ್ಲ.