ಬದುವಿನಾಚೆಯ ನಾಲಿಗೆ

ಅವನ ನಾಲಿಗೆಯ ತುದಿ ಯಾವಾಗಲೂ ಕಪ್ಪು. ಗದ್ದೆಗೆ ಬಂದವನೇ ಚಿಟಿಕೆ ಮಣ್ಣು ಬಾಯಿಗೆ ಹಾಕಿ, ಚಪ್ಪರಿಸಿ, ನನ್ನ ಗದ್ದೆಯ ಕಡೆಗೇ ಉಗುಳುತ್ತಿದ್ದ. ಕುಕ್ಕುವಾಡದಲ್ಲಿ ನಮ್ಮಿಬ್ಬರ ಗದ್ದೆಗೂ ಒಂದೇ ಬದು. ಅದರ ಆಚೆ ಈಚೆ ನಿಂತು ಬೈದಾಡಿಕೊಂಡೇ ಇಬ್ಬರೂ ಮುದುಕರಾದೆವು.

ಜಗಳ ಸವಳಿನದು. ಬದುವಿಗೆ ಹತ್ತಿದ ಅವನ ಮೂಲೆಯಲ್ಲಿ ವರ್ಷ ವರ್ಷವೂ ಬಿಳಿ ಉಪ್ಪೇಳುತ್ತಿತ್ತು. ಭತ್ತ ಸುಟ್ಟಂತೆ ನಿಲ್ಲುತ್ತಿತ್ತು. "ನಿನ್ನ ಗದ್ದಿ ನೀರು ಬಸಿದು ನನ್ನ ಮಣ್ಣು ಕೆಟ್ಟೈತೆ. ನನ್ನ ನಾಲಿಗಿ ಸುಳ್ಳು ಹೇಳಂಗಿಲ್ಲ" ಎನ್ನುತ್ತಿದ್ದ. ಊರೂ ನಂಬಿತು. ಎರಡನೇ ಕ್ಲಾಸು ಓದಿದ ಗಂಡನಿಲ್ಲದ ಹೆಂಗಸಿನ ಮಾತು ಯಾರಿಗೆ ಬೇಕಿತ್ತು? ನನ್ನ ಮೊಮ್ಮಗಳು ಐದು ವರ್ಷದವಳಿದ್ದಾಗ ಅವಳ ನಾಲಿಗೆಗೂ ಮಣ್ಣಿಟ್ಟು, "ಸಪ್ಪಗೈತೋ, ಉಪ್ಪೈತೋ, ಹೇಳವ್ವಾ" ಎಂದಿದ್ದ. ಅವತ್ತು ಮಗುವನ್ನು ಕಿತ್ತುಕೊಂಡು ಬಂದು ಸಂಜೆಯವರೆಗೂ ಬೈದಿದ್ದೆ.

ಕೊನೆಗೆ ಬದುವಿನ ಪಕ್ಕದ ನನ್ನ ಹತ್ತು ಗುಂಟೆಗೆ ನೀರೇ ಹಾಯಿಸಬಾರದೆಂದು ಊರ ಹಿರಿಯರನ್ನು ಕೂಡಿಸಿದ. ಅವರು ಎಂಟು ದಿನದಲ್ಲಿ ತೀರ್ಮಾನ ಹೇಳುತ್ತೇವೆ ಎಂದರು. ನೀರಿಲ್ಲದಿದ್ದರೆ ಭತ್ತವೆಲ್ಲಿ?

ಆಗ ಬಂದಳು ನೋಡಿ ನನ್ನ ಮೊಮ್ಮಗಳು. ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ರೂಮು ಮಾಡಿಕೊಂಡು ಮಣ್ಣಿನ ಓದೇ ಓದಿದವಳು. ಬರೆಯುವಾಗಲೂ ನನ್ನ ಎದೆ ತುಂಬಿ ಬರುತ್ತದೆ. ಹಾರುವ ಕ್ಯಾಮೆರಾ ತಂದಿದ್ದಳು.

"ನಮ್ ಕಣ್ಣಿಗೆ ಕಾಣದ ಬೆಳಕು ಇದಕ್ಕೆ ಕಾಣ್ತೈತಜ್ಜಿ, ಇನ್‌ಫ್ರಾರೆಡ್ ಅಂತಾರೆ. ಉಪ್ಪು, ತೇವ ಎಲ್ಲಾ ಮ್ಯಾಲಿಂದನೇ ತಿಳಿತೈತೆ" ಎಂದಳು. ಗದ್ದೆ ಒಣಗಿರಲಿ ಎಂದು ಅವನಿಗೂ ಮರ್ಯಾದೆಯಿಂದ ಹೇಳಿ ಬಂದಳು.

"ಆಕಾಶಕ್ಕೇನು ನಾಲಿಗಿ ಐತೇನು?" ಎಂದು ನಕ್ಕನಂತೆ. ಮರುದಿನ ಹೋದರೆ ಬೇಕೆಂದೇ ತೂಬು ತೆಗೆದು ತನ್ನ ಗದ್ದೆ ತುಂಬಾ ನೀರು ಬಿಟ್ಟು, ಬದುವಿನ ಮೇಲೆ ಬೀಡಿ ಸೇದುತ್ತಾ ಕೂತಿದ್ದ. "ಹಾರಿಸವ್ವಾ, ಹಾರಿಸು."

ನಾನು ಬಾಯಿ ತೆಗೆಯುವಷ್ಟರಲ್ಲಿ ಹುಡುಗಿ ನನ್ನ ಕೈ ಹಿಡಿದಳು. "ಬ್ಯಾಡ ಬಿಡಜ್ಜಿ. ಇದೂ ಒಳ್ಳೇದೇ." ನೀರು ಇಂಗಲೆಂದು ನಾಲ್ಕು ದಿನ ಕಾದು ಕ್ಯಾಮೆರಾ ಹಾರಿಸಿದಳು. ಚಿತ್ರ ತಂದು ಅವನ ಮುಂದೆಯೇ ಹಿಡಿದಳು. ತೇವವಿದ್ದಲ್ಲಿ ನೀಲಿ. ಅವನ ಗದ್ದೆಯೆಲ್ಲ ಆರಿ ಕೆಂಪಾಗಿತ್ತು, ಆ ಮೂಲೆಯೊಂದೇ ನೀಲಿ. ನಮ್ಮ ಗದ್ದೆಗೆ ಹದಿನೈದು ದಿನದಿಂದ ಹನಿ ನೀರು ಬಿಟ್ಟಿರಲಿಲ್ಲ. ನಿಂತಿದ್ದು ಅವನದೇ ನೀರು. ಆ ನೀಲಿ ಒಂದು ನೇರ ಗೆರೆಗೆ ಒತ್ತಿಕೊಂಡು ಕೂತಿತ್ತು.

"ತಾತಾ, ನೀರು ಹೊರಗೆ ಹೋಗಾಕೆ ಇಲ್ಲಿ ಮೊದ್ಲು ಬಸಿಗಾಲುವೆ ಇತ್ತೇನ್ರಿ? ನಿಂತ ನೀರು ಆರಿದಂಗೆಲ್ಲಾ ಉಪ್ಪು ಮ್ಯಾಲೇಳ್ತೈತೆ."

ಅವನು ಎದ್ದು ಆ ಮೂಲೆಗೆ ಹೋದ. ಮಣ್ಣು ಬಾಯಿಗಿಟ್ಟ. ಈ ಸಲ ಉಗುಳಲಿಲ್ಲ. "ನಾಕು ಸಾಲು ಭತ್ತ ಹೆಚ್ಚಿಗಿ ಹಚ್ಚಾಕ ನಾನೇ ಮುಚ್ಚಿದ್ದೆ" ಎಂದು ಹುಡುಗಿಗೆ ಹೇಳಿದ, ನನಗಲ್ಲ. ಹಿರಿಯರ ಹತ್ತಿರವೂ ತಾನೇ ಹೋಗಿ, ತೀರ್ಮಾನ ಬೇಡ ಎಂದ. ಆಮೇಲೆ ವಾರಗಟ್ಟಲೆ ಒಬ್ಬನೇ ಕಾಲುವೆ ತೋಡಿದ. ತಪ್ಪಾಯಿತು ಎನ್ನಲಿಲ್ಲ. "ನಿನ್ನ ಮೊಮ್ಮಗಳು ಜಾಣಿ. ನಿನ್ನಂಗಿಲ್ಲ" ಎಂದದ್ದೇ ನನ್ನೊಡನೆ ಅವನ ಕಡೆಯ ಮಾತು.

ಅವನು ಹೋಗಿ ಒಂದು ಬೆಳೆ ಕಳೆಯಿತು. ನಾನು ಅಳಲಿಲ್ಲ. ಈಗ ಮೊಮ್ಮಗಳು ಹರಿಹರದ ಕಡೆಯ ಗದ್ದೆಗಳನ್ನೆಲ್ಲ ನೋಡುತ್ತಾಳೆ. ಒಮ್ಮೆ ಜೊತೆಗೆ ಹೋಗಿದ್ದೆ. ಕ್ಯಾಮೆರಾ ಹಾರಿಸುವ ಮೊದಲು ಬಗ್ಗಿ ಚಿಟಿಕೆ ಮಣ್ಣು ನಾಲಿಗೆಗಿಟ್ಟುಕೊಂಡಳು, ಥೇಟ್ ಅವನ ಹಾಗೆಯೇ. ಮೈಯೆಲ್ಲ ಉರಿಯಿತು. ಅವನನ್ನು ಬೈಯಲು ತಿರುಗಿದೆ. ಬದುವಿನಾಚೆ ಯಾರೂ ಇರಲಿಲ್ಲ.