ಬಂಕಿನ ತನಕದ ಪೆಟ್ರೋಲು

ಹೊಸ ಪಾತ್ರೆ ಕೊಂಡರೆ ಒಳಗೆ ಬಗ್ಗಿ ನೋಡುವುದು ನನ್ನ ಚಾಳಿ. ಬೈಕು ಕೊಂಡಾಗಲೂ ಹಾಗೇ ಮಾಡಿದೆ. ಹೊನ್ನಾವರದ ಶೋರೂಮಿನಲ್ಲಿ ಸೊಸೆ ಸುನೀತಾ, ಹಾರ ಹಾಕಿದ ಗಾಡಿಯ ಪಕ್ಕ ನಿಂತು ರಟ್ಟಿನಿಂದ ಮಾಡಿದ ಮೊಳದುದ್ದದ ಬೀಗದ ಕೈ ಹಿಡಿದು ಫೋಟೊ ತೆಗೆಸಿಕೊಳ್ಳುತ್ತಿದ್ದರೆ, ನಾನು ಅಲ್ಲಿನ ಹುಡುಗನಿಂದ ಟ್ಯಾಂಕಿನ ಮುಚ್ಚಳ ತೆಗೆಸಿ ಕಣ್ಣಿಟ್ಟೆ. ಒಳಗೆ ಕತ್ತಲೆ. ಗಾಡಿಯನ್ನು ಅಲುಗಿಸಿದರೆ ತಳದಲ್ಲೆಲ್ಲೋ ಒಂದು ಗುಟುಕು ಗುಳಗುಳ ಅಂದಿತು, ಅಷ್ಟೆ.

"ತಮ್ಮಾ, ಇದರ ಹೊಟ್ಟೇಲಿ ಎಂತದೂ ಇಲ್ವಲ" ಎಂದೆ.

"ಬಂಕಿನ ತನಕ ಹೋಗ್ತದೆ ಅಮ್ಮಾ. ಎಲ್ಲರಿಗೂ ಅಷ್ಟೇ ಹಾಕುದು."

"ನಾ ಬಂಕು ನೋಡೂಕೆ ಹೊರಟವಳಲ್ಲ. ಮಿರ್ಜಾನಕ್ಕೆ ಹೊರಟವಳು."

ಅವನು ನಕ್ಕು ನನ್ನ ಕೈಗೆ ಪೇಡೆಯ ಡಬ್ಬಿ ಕೊಟ್ಟ. ಚಕ್ರದ ಅಡಿಗೆ ನಿಂಬೆಹಣ್ಣು ಇಟ್ಟರು, ಕಾಯಿ ಒಡೆದರು, ಕುಂಕುಮ ಹಚ್ಚಿದರು. ಪೆಟ್ರೋಲು ಒಂದನ್ನು ಬಿಟ್ಟು ಎಲ್ಲವನ್ನೂ ಮಾಡಿದರು.

ನಾನು ಮೀನು ಮಾರಿ ಬದುಕಿದವಳು. ಬಂಗಡೆ ಎಣಿಸಿ ಕೊಟ್ಟ ಮೇಲೆ ಮೇಲೊಂದು ಕೊಸರು ಹಾಕದೆ ಬುಟ್ಟಿ ಎತ್ತಿದವಳಲ್ಲ. ಆ ಒಂದು ಮೀನಿನಿಂದ ಕೊಂಡವರ ಹೊಟ್ಟೆ ತುಂಬುವುದಿಲ್ಲ, ನನ್ನ ಮನೆ ಮುಳುಗುವುದೂ ಇಲ್ಲ. ಆದರೆ ಎಣಿಕೆ ಮುಗಿದ ಮೇಲೂ ಕೈ ಒಮ್ಮೆ ಬುಟ್ಟಿಯೊಳಗೆ ಹೋಗಿ ಬಂದರೆ ವ್ಯಾಪಾರ ಎನ್ನುವುದು ಬರೀ ವ್ಯಾಪಾರವಾಗಿ ಉಳಿಯುವುದಿಲ್ಲ, ನೋಡಿ. ಇನ್ನು ದೋಣಿಯ ಮಾತು ಬೇರೆಯೇ. ನಮ್ಮ ಕೇರಿಯಲ್ಲಿ ಹೊಸ ದೋಣಿ ನೀರಿಗಿಳಿಯುವ ದಿನ ಡೀಸೆಲು ತುಂಬ, ಕುಡಿಯುವ ನೀರು ತುಂಬ, ಅಕ್ಕಿ ಡಬ್ಬದ ಕಂಠದವರೆಗೆ ಇರಬೇಕು. ದಡದಿಂದ ನಾಲ್ಕು ಮಾರು ಹೋಗಿ ಬರುವುದಿದ್ದರೂ ಸರಿ. ಬರಿಯ ದೋಣಿಯನ್ನು ಯಾರೂ ಸಮುದ್ರಕ್ಕೆ ಕಳಿಸುವುದಿಲ್ಲ. ಹಾಗಿರುವಾಗ ಅಷ್ಟು ದೊಡ್ಡ ಅಂಗಡಿ ಇಟ್ಟವನು ಬೈಕಿನ ಜೊತೆ ಒಂದು ಟ್ಯಾಂಕು ಪೆಟ್ರೋಲು ಕೊಟ್ಟರೆ ಏನಾಗುತ್ತದೆ, ನೀವೇ ಹೇಳಿ.

"ಕೊಟ್ರೆ ಅದ್ನೂ ಬಿಲ್ಲಿಗೆ ಸೇರಿಸ್ತಾರೆ ಅತ್ತೆ" ಎಂದಳು ಸುನೀತಾ. ಊರೂರಿಗೆ ಹೋಗಿ ಹೆಂಗಸರಿಗೆ ಹೊಲಿಗೆ ಕಲಿಸುವವಳು ಅವಳು, ಅಳತೆ ಬಿಟ್ಟು ಮಾತಾಡುವುದಿಲ್ಲ. ಸ್ಕೂಟರಿನ ಸಣ್ಣ ಗಾಲಿ ನಮ್ಮ ಕೇರಿಯ ಹೊಯ್ಗೆಯಲ್ಲಿ ಹೂತುಹೋಗುತ್ತದೆಂದು ಲೆಕ್ಕ ಹಾಕಿಯೇ ಬೈಕು ಕೊಂಡಿದ್ದಳು.

"ಸೇರಿಸ್ಲಿ. ಕೊಟ್ಟ ಹಾಂಗಾದ್ರೂ ಮಾಡ್ಲಿ" ಎಂದು ಅವಳ ಹಿಂದೆ ಕೂತೆ.

ಮಿರ್ಜಾನದಲ್ಲಿ ಗಿರಿಜೆ ಇದ್ದಾಳೆ. ನಾವಿಬ್ಬರೂ ಒಂದೇ ಕೇರಿಯಲ್ಲಿ ಹುಟ್ಟಿ, ಮದುವೆಯ ಮುಂಚೆ ಒಟ್ಟಿಗೆ ಬುಟ್ಟಿ ಹೊತ್ತವರು. ಗದ್ದೆಯ ಅಂಚಿನಲ್ಲಿ ಅವಳು ಮುಂದೆ, ನಾನು ಹಿಂದೆ. ಅವಳ ಬಾಯಿ ಎಷ್ಟು ದೊಡ್ಡದೆಂದರೆ ನಾವು ಗದ್ದೆ ದಾಟುವ ಮೊದಲೇ ಆಚೆ ಮನೆಯವರು ತಟ್ಟೆ ಹಿಡಿದು ಅಂಗಳಕ್ಕೆ ಬಂದಿರುತ್ತಿದ್ದರು. ಆಮೇಲೆ ಅವಳನ್ನು ಅಘನಾಶಿನಿಯ ಆಚೆ ಕೊಟ್ಟರು, ನನ್ನನ್ನು ಶರಾವತಿಯ ಬದಿಗೆ. ಎರಡು ಹೊಳೆಗಳ ನಡುವೆ ಇರುವುದು ಒಂದು ತಾಸಿನ ದಾರಿ. ಬಸ್ಸಿನ ಮೆಟ್ಟಿಲು ಹತ್ತಲು ಮೊಣಕಾಲು ಒಪ್ಪದೆ ಆ ದಾರಿಯೂ ವರ್ಷಗಟ್ಟಲೆ ಉದ್ದವಾಯಿತು. ಹೋಗಬೇಕು ಎಂದುಕೊಳ್ಳುವುದು ಒಂದು ಕೆಲಸವೇ ಆಗಿಬಿಟ್ಟಿತ್ತು. ದಿನಾ ಮಾಡುತ್ತಿದ್ದೆ, ಮುಗಿಯುತ್ತಿರಲಿಲ್ಲ.

ಅವಳ ಮಗಳು ನಾಗವೇಣಿ ಫೋನು ಮಾಡಿದ್ದು ಬೈಕು ಬರುವ ವಾರದಲ್ಲೇ. "ಮಾದೇವಕ್ಕ, ಅಬ್ಬೆಗೆ ಮಾತು ಹೋಗ್ತಾ ಅದೆ. ಬೆಳಿಗ್ಗೆ ಎದ್ದಾಗ ಬತ್ತದೆ, ಹನ್ನೊಂದು ಗಂಟೆ ಆದ್ಮೇಲೆ ಇಲ್ಲ. ನೋಡುದಿದ್ರೆ ಬೇಗ ಬನ್ನಿ." ಸುನೀತಾ ಒಂದೇ ಮಾತಿಗೆ ಒಪ್ಪಿದಳು: ಗಾಡಿಯ ಮೊದಲ ಪ್ರಯಾಣ ಮಿರ್ಜಾನಕ್ಕೆ, ಹನ್ನೊಂದರ ಒಳಗೆ ಅಲ್ಲಿ.

ಶೋರೂಮಿನಿಂದ ನೂರು ಹೆಜ್ಜೆ ಹಿಂದಕ್ಕೆ ಹೋಗಿದ್ದರೆ ಬಂಕು ಸಿಗುತ್ತಿತ್ತು. ಸುನೀತಾ ಆ ಕಡೆ ತಿರುಗಿಸಲು ಹೋದಾಗ ನಾನು ಬೆನ್ನಿಗೆ ಗುದ್ದಿದೆ. ಹೊಸ ದೋಣಿ ಮೊದಲ ಸಲ ಹೊರಟರೆ, ಹೊರಟ ಕೆಲಸ ಮುಗಿಯುವ ತನಕ ಅದರ ಮೂಗು ಹಿಂದಕ್ಕೆ ತಿರುಗಬಾರದು ಎನ್ನುವುದು ನಮ್ಮವರ ಕಟ್ಟು. ಮುಂದೆ ಸಿಗುತ್ತದೆ, ನಡೆ ಎಂದೆ. ಮುಂದೆಯೂ ಬಂಕುಗಳು ಸಿಕ್ಕವು. ಆದರೆ ಈ ಹೊಸ ಹೆದ್ದಾರಿಯ ನಡುವೆ ಕಟ್ಟೆ ಕಟ್ಟಿದ್ದಾರಲ್ಲ, ನಾವು ನೋಡಿದ್ದೆಲ್ಲ ಆಚೆ ಬದಿಯಲ್ಲೇ. ಅಲ್ಲಿಗೆ ಹೋಗಬೇಕಾದರೆ ಮುಂದೆ ಹೋಗಿ ಸುತ್ತಿ ಹಿಂದೆ ಬರಬೇಕು.

ಕುಮಟೆ ದಾಟುವಾಗ ಅವಳೆಂದಳು, "ಅತ್ತೆ, ಮುಳ್ಳು ಕೆಂಪಿಗೆ ಬಂತು. ಒಂದು ಸುತ್ತು ತಿರಗ್ಸ್ತೆ."

"ತಿರಗ್ಸೂದು ಬ್ಯಾಡ."

"ಇದೆಂತ ದೋಣಿಯಾ?"

"ಮೊದಲ್ನೇ ಸಲ ಹೋಗೂದು ಅಲ್ದಾ? ಯಾವುದಾದ್ರೆ ಎಂತ."

"ನಿಮ್ಮ ದೋಣಿಗೆ ಡೀಸೆಲ್ ತುಂಬ್ಸಿರ್ತಿದ್ರು ಅತ್ತೆ" ಎಂದಳು. ಆದರೂ ನಾನು ತಿರುಗಿಸಲು ಬಿಡಲಿಲ್ಲ.

ದೀವಗಿಯ ಸೇತುವೆಯ ಈಚೆ ಗಾಡಿ ಎರಡು ಸಲ ಕೆಮ್ಮಿ ನಿಂತಿತು. ಆಗ ಹತ್ತು ಗಂಟೆಯೂ ಆಗಿರಲಿಲ್ಲ. ಸುನೀತಾ ನನ್ನ ನೀರಿನ ಬಾಟಲಿ ಖಾಲಿ ಮಾಡಿಕೊಂಡು, ಕುಮಟೆಯ ಕಡೆ ಹೋಗುವ ಟೆಂಪೊಗೆ ಕೈ ತೋರಿಸಿ ಹತ್ತಿದಳು. ಹೋಗುವಾಗ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ನಾನು ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತೆ. ಕೆಳಗೆ ಹೊಳೆಯ ನೀರು ಇಳಿದಿತ್ತು. ಹೆಂಗಸರು ಸೊಂಟದ ನೀರಿನಲ್ಲಿ ನಿಂತು ಕಾಲಿನಿಂದ ತಡಕಿ ಚಿಪ್ಪಿ ಹೆಕ್ಕುತ್ತಿದ್ದರು. ಆಚೆ ದಡದಲ್ಲಿ ಮಿರ್ಜಾನದ ತೆಂಗಿನ ತಲೆಗಳು. ಅಷ್ಟು ಹತ್ತಿರ, ಹಿಂದಿನ ಗಿರಿಜೆಯಾಗಿದ್ದರೆ ಅಲ್ಲಿಂದ ಕೂಗಿದ್ದು ನನಗೆ ಕೇಳಿಸುತ್ತಿತ್ತು. ಎದ್ದು ನಡೆದು ನೋಡಿದೆ. ಸೇತುವೆಯ ಬಾಯಿಯ ತನಕ ಹೋಗಿ ಮೊಣಕಾಲು ಕೈಬಿಟ್ಟಿತು, ತಿರುಗಿ ಬಂದೆ. ಗಾಡಿ ತಿರುಗಬಾರದೆಂದು ಹಟ ಹಿಡಿದವಳು ನಾನೇ ತಿರುಗಿ ಬಂದೆ.

ತಪ್ಪು ಯಾರದು ಎಂದು ನೀವು ಕೇಳಿದರೆ, ನನ್ನದು. ಅದರಲ್ಲಿ ಚರ್ಚೆ ಇಲ್ಲ. ಆದರೆ ಆ ಕಲ್ಲಿನ ಮೇಲೆ ಕೂತು ನನಗೆ ಹೊಳೆದದ್ದು ಹೇಳುತ್ತೇನೆ. ಹೊಸ ಗಾಡಿ ಕೊಳ್ಳುವವರು ಯಾರೂ ಬಂಕನ್ನು ನೆನೆದು ಕೊಳ್ಳುವುದಿಲ್ಲ; ಎಲ್ಲಿಗೋ ಹೋಗಬೇಕು ಎಂದು ಬಹಳ ಕಾಲದಿಂದ ಅಂದುಕೊಂಡಿರುತ್ತಾರೆ, ಯಾರದೋ ಮುಖ ಕಣ್ಣ ಮುಂದೆ ಇರುತ್ತದೆ. ಆ ಒಂದು ದಿನ ಮನುಷ್ಯರಿಗೆ ಅವಸರ ಇರುತ್ತದೆ, ಭಯ ಇರುತ್ತದೆ, ಮಡಿ ಮೈಲಿಗೆ ಇರುತ್ತದೆ, ಬುದ್ಧಿ ಮಾತ್ರ ಇರುವುದಿಲ್ಲ. ಟ್ಯಾಂಕು ತುಂಬಿಸಿ ಕೊಟ್ಟಿದ್ದರೆ ನನ್ನ ಮೂರ್ಖತನಕ್ಕೂ ಅದರಲ್ಲಿ ಜಾಗ ಇರುತ್ತಿತ್ತು. ಬಂಕಿನ ತನಕದ ಪೆಟ್ರೋಲು ಜಾಣರಿಗೆ ಸಾಕು. ಜಾಣರಷ್ಟೇ ಗಾಡಿ ಕೊಳ್ಳುತ್ತಾರೆಯೇ?

ಮೊದಲ ಬಂಕಿನವನು ಬಾಟಲಿಗೆ ಹಾಕಲು ಒಪ್ಪದೆ ಸುನೀತಾ ಪೆಟ್ರೋಲು ತರುವುದು ತಡವಾಯಿತು; ನಾವು ಗಿರಿಜೆಯ ಮನೆ ಮುಟ್ಟಿದಾಗ ಹನ್ನೆರಡಾಗುತ್ತ ಬಂದಿತ್ತು. ನಾಗವೇಣಿ ಅಂಗಳದಲ್ಲೇ ನಿಂತಿದ್ದಳು. "ಹನ್ನೊಂದರ ತನಕ ನಿಮ್ಮ ಹೆಸರೇ ಹೇಳ್ತಾ ಕೂತಿತ್ತು, ಮಾದೇವಕ್ಕ. ಹೊಸ ಸೀರೆ ಬೇಕು ಹೇಳಿ ಉಡಿಸ್ಕಂತು. ಈಗ ನೋಡಿ." ಒಳಗೆ ಗಿರಿಜೆ ಗೋಡೆಗೆ ಒರಗಿ ಕೂತಿದ್ದಳು, ಹಸಿರು ಸೀರೆಯ ಮಡಿಕೆಯೂ ಮುರಿದಿರಲಿಲ್ಲ. ನಾನು ಕೈ ಹಿಡಿದೆ. ಹೆಸರು ಹೇಳಿದೆ. ಅವಳು ನನ್ನ ಹೆಗಲಿನ ಮೇಲಿಂದ ಬಾಗಿಲ ಕಡೆ ನೋಡುತ್ತಿದ್ದಳು. ಯಾರೋ ಬರಬೇಕಾದವರು ಇನ್ನೂ ಬಂದಿಲ್ಲ ಎನ್ನುವ ಹಾಗೆ.

ನಾನು ಸುನೀತಾಳನ್ನು ಕಳಿಸಿಬಿಟ್ಟೆ. "ಬೆಳಿಗ್ಗೆ ಮಾತು ಬತ್ತದಲ್ಲ, ಕೇಳ್ಕಂಡೇ ಬತ್ತೆ. ನೀ ಹೋಗು. ತಿರುಗುವಾಗ ತುಂಬಿಸ್ಕೊ" ಎಂದೆ.

"ಈಗ ಹೇಳ್ತೀರಿ ಅತ್ತೆ" ಎಂದು ನಕ್ಕಳು ಪುಣ್ಯಾತಗಿತ್ತಿ, ಹೋದಳು.

ಮರುದಿನ ಬೆಳಿಗ್ಗೆ ಗಂಜಿ ಕುಡಿಸುತ್ತಿರುವಾಗ ಗಿರಿಜೆಗೆ ಮಾತು ಬಂತು. ಗಂಟಲು ಸಣ್ಣದಾಗಿತ್ತು, ಆದರೆ ಅವಳದೇ ಗಂಟಲು. ನನ್ನ ಮುಖವನ್ನು ಒಳ್ಳೆಯ ಮೀನು ಆರಿಸುವವಳ ಹಾಗೆ ನೋಡಿ ಕೇಳಿದಳು: "ನೀ ಯಾವ ಬದಿಯವ್ಳೆ?"

"ಹೊನ್ನಾವರದ ಬದಿ" ಎಂದೆ.

"ಹಾಂಗಾರೆ ಮಾದೇವಿ ಗೊತ್ತಿರ್ಬೇಕು ನಿಂಗೆ. ನಿನ್ನೆ ಬತ್ತೆ ಹೇಳಿತ್ತು. ಸೀರೆ ಉಟ್ಕಂಡು ಕಾದೆ. ಬರ್ಲೇ ಇಲ್ಲ, ಸುಳ್ಳಿ."

ನಾನೇ ಮಾದೇವಿ ಎಂದು ಹೇಳಬಹುದಿತ್ತು. ಹಿಂದಿನ ದಿನವಿಡೀ ಹೇಳಿದ್ದೆನಲ್ಲ. "ಬತ್ತಾ ಅದೆ ಮಾರಾಯ್ತಿ" ಎಂದೆ. "ಗಾಡಿ ಪೆಟ್ರೋಲ್ ಮುಗ್ದು ಸೇತುವೆ ಆಚೆ ನಿಂತದೆ."

"ನಡ್ಕಂಡು ಬರೂಕೆ ಎಂತ ಅವ್ಳಿಗೆ? ಬುಟ್ಟಿ ಹೊತ್ಕಂಡು ಎಷ್ಟು ದೂರ ನಡ್ದವ್ಳು."

"ಮೊಣಕಾಲು ಹೋತು ಅವಳದ್ದು."

ಗಿರಿಜೆ ಸುಮ್ಮನಾದಳು. ಇಷ್ಟರಲ್ಲೇ ಮಾತು ಮುಗಿಯಿತೆಂದು ನಾನು ಹೆದರಿದೆ. ಆಮೇಲೆ ಒಂದು ಗುಟುಕು ಗಂಜಿ ನುಂಗಿ, "ಹಾಂಗಾರೆ ಬಾಗ್ಲು ಹಾಕೂದು ಬ್ಯಾಡ" ಎಂದಳು.

ನಾನು ಎದ್ದು ಹೋಗಿ ಬಾಗಿಲನ್ನು ಗೋಡೆಗೆ ತಾಗುವಷ್ಟು ತೆರೆದೆ. ಗಾಳಿಗೆ ಮುಚ್ಚಿಕೊಳ್ಳದ ಹಾಗೆ ಒಂದು ಕಲ್ಲು ಇಟ್ಟು ಬಂದು, ಅವಳ ಪಕ್ಕ ಕೂತು, ನಾನೂ ರಸ್ತೆ ನೋಡಿದೆ.