ಹೊಂಗೆಮರ ಹೊರಲಾರದ ಯಂತ್ರ

ನನ್ನ ಡೈರಿಯನ್ನು ಯಾರಾದರೂ ಕದ್ದು ಓದಿದರೆ ನೇರ ಪೊಲೀಸರಿಗೆ ಕೊಟ್ಟಾರು. ‘ಸೋಮವಾರ: ಕಾಗೆಗಳನ್ನು ತೆಗೆದೆ. ಮಂಗಳವಾರ: ಬಸ್ ಸ್ಟಾಪಿನಲ್ಲಿ ನಿಂತಿದ್ದ ಹನ್ನೆರಡು ಜನರಲ್ಲಿ ಒಂಬತ್ತು ಜನರನ್ನು ಅಳಿಸಿದೆ. ಬುಧವಾರ: ಮಳೆನೀರಿನಲ್ಲಿ ಕಾಣುತ್ತಿದ್ದ ಆಕಾಶವೂ ಹೋಯಿತು.’

ನನ್ನ ಕೆಲಸವೇ ಅದು. ದೊಡ್ಡ ಕಂಪ್ಯೂಟರಿಗೆಂದು ಮಾಡಿದ ವಿಡಿಯೊ ಗೇಮನ್ನು ಕೈಯಲ್ಲಿ ಹಿಡಿದು ಆಡುವ ಅಗ್ಗದ ಯಂತ್ರದಲ್ಲಿ ಓಡಿಸಬೇಕು. ಇದಕ್ಕೆ ಪೋರ್ಟಿಂಗ್ ಎನ್ನುತ್ತಾರೆ. ನಾನು ಮನೆ ಬದಲಾಯಿಸುವುದು ಎನ್ನುತ್ತೇನೆ. ಬಸವೇಶ್ವರನಗರದ ದೊಡ್ಡ ಮನೆಯಿಂದ ಒಂದೇ ರೂಮಿಗೆ ಹೋಗುವವರು ಮೊದಲು ಷೋಕೇಸ್ ಬಿಡುತ್ತಾರೆ, ಆಮೇಲೆ ಡೈನಿಂಗ್ ಟೇಬಲ್ಲು. ಕೊನೆಗೆ ಅಜ್ಜಿಯ ಮಂಚದ ಮುಂದೆ, ಒಯ್ಯಲೂ ಆಗದೆ ಬಿಡಲೂ ಆಗದೆ, ಎಲ್ಲರೂ ನಿಲ್ಲುತ್ತಾರೆ.

ನಮ್ಮ ಪಾಲಿನ ಮಂಚ ಒಂದು ಹೊಂಗೆಮರ. ಆಟದ ಚಿತ್ರಗಳನ್ನು ಬರೆದ ನನ್ನ ಸಹೋದ್ಯೋಗಿ ರಶ್ಮಿ, ಹೊಸಹಳ್ಳಿಯ ತನ್ನ ಬೀದಿಯನ್ನೇ ಆಟದೊಳಗೆ ಕಟ್ಟಿದ್ದಳು. ರಸ್ತೆ ಅಗಲವಾದಾಗ ಹೋದ ಮರವನ್ನು ಅವಳ ಅಮ್ಮ ಕಮಲಾ ಆಂಟಿ ಹೇಳಿ ಹೇಳಿ ಬರೆಸಿದ್ದರು, ಯಾವ ಕೊಂಬೆ ಯಾವ ಕಡೆ ಎಂಬುದೂ ಸೇರಿ. ಮಂಡಿನೋವಿನ ಆಂಟಿ ನಮ್ಮ ಆಫೀಸಿನ ಮೆಟ್ಟಿಲು ಹತ್ತಲಾರರು. ಅವರು ಆ ಮರ ನೋಡುವುದಿದ್ದರೆ ಈ ಪುಟ್ಟ ಯಂತ್ರದಲ್ಲೇ.

ಆದರೆ ಒಂದರ ಹಿಂದೊಂದು ಸಾವಿರಾರು ಎಲೆ. ಮರ ಹತ್ತಿರವಾದಂತೆ ಯಂತ್ರ ಬಿಸಿಯಾಗಿ ಆಟ ತಡವರಿಸುತ್ತಿತ್ತು.

“ಇಡೀ ಬೀದಿ ಬೇಕಾದ್ರೆ ತೆಗಿ, ಮರ ಒಂದು ಮುಟ್ಟಬೇಡ ಕಣೋ,” ಎಂದಿದ್ದಳು ರಶ್ಮಿ.

ಮುಟ್ಟಿದೆ. ಅದರ ಜಾಗದಲ್ಲಿ ಮರದ ಚಪ್ಪಟೆ ಚಿತ್ರವೊಂದನ್ನು ನಿಲ್ಲಿಸಿದೆ. ಆಡುವವರು ಎತ್ತ ಹೋದರೂ ಅದು ಅವರ ಕಡೆಗೇ ತಿರುಗಿಕೊಳ್ಳುತ್ತದೆ. ಈ ಕಸುಬಿನ ಹಳೆಯ ಉಪಾಯ. ಭಾನುವಾರ ಹೊಸಹಳ್ಳಿಯ ಮನೆಗೇ ಹೋಗಿ ಯಂತ್ರವನ್ನು ಆಂಟಿಯ ಕೈಗಿಟ್ಟೆವು. ಆಟದ ಹುಡುಗನನ್ನು ನಡೆಸುತ್ತಾ ಅವರು ಮರಕ್ಕೆ ಎರಡು ಸುತ್ತು ಬಂದರು.

“ಏನಪ್ಪಾ ಇದು, ಹೋದಲ್ಲೆಲ್ಲಾ ನನ್ನೇ ನೋಡುತ್ತೆ! ಬೆನ್ನೇ ಇಲ್ವಾ ಇದಕ್ಕೆ?”

“ಮೆಷಿನ್‌ಗೆ ಅಷ್ಟು ಶಕ್ತಿ ಇಲ್ಲ ಆಂಟಿ.”

“ಹೋಗ್ಲಿ ಬಿಡು, ನನ್ ಮಂಡಿಗೂ ಇಲ್ಲ. ನೆರಳಾದ್ರೂ ಕೊಡಪ್ಪ.”

ನೆರಳನ್ನು ಎಲ್ಲಕ್ಕಿಂತ ಮೊದಲೇ ತೆಗೆದಿದ್ದೆ, ಯಾರೂ ಕೇಳುವುದಿಲ್ಲವೆಂದು.

ವಾರವಿಡೀ ಕೂತು ಮರದಡಿಯ ರಸ್ತೆಗೆ ನೆರಳನ್ನು ಬಣ್ಣದಂತೆ ಬಳಿದೆ. ಬಳಿದ ನೆರಳು ಕದಲುವುದಿಲ್ಲ. ಆದ್ದರಿಂದ ಸೂರ್ಯನೂ ಕದಲುವಂತಿಲ್ಲ. ನಮ್ಮ ಆಟದ ಬೀದಿಯಲ್ಲಿ ಇನ್ನು ಸದಾ ಮಧ್ಯಾಹ್ನ. ರಶ್ಮಿ ಅಷ್ಟು ಆಸೆಯಿಂದ ಬರೆದಿದ್ದ ಸಂಜೆಯೂ ಹೋಯಿತು.

ಆಂಟಿಗೆ ಮಾತ್ರ ತುಂಬಾ ಹಿಡಿಸಿತು. ಹುಡುಗನನ್ನು ನೆರಳಿನಲ್ಲಿ ನಿಲ್ಲಿಸಿ, ಯಂತ್ರವನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟರು.

“ಮುಂದೆ ಹೋಗಿ ಆಂಟಿ,” ಎಂದೆ.

“ಇರಪ್ಪ, ಏನವಸರ? ಬಿಸಿಲು ಇಳೀಲಿ.”

ಆಟದೊಳಗಿನ ಆ ಬಿಸಿಲು ಇಳಿಯುವುದಿಲ್ಲ. ನಾನೂ ಪಕ್ಕದಲ್ಲಿ ಕೂತೆ. ಹೊರಗೆ, ನಿಜವಾದ ಬೀದಿಯಲ್ಲಿ, ಬಿಸಿಲು ಆಗಲೇ ಇಳಿದಿತ್ತು. ಅಲ್ಲಿ ಮರವಿರಲಿಲ್ಲ, ಅಷ್ಟೇ.